ಫ್ರೇಮು ‘ಸ್ಕ್ವೇರ್’ ಇರಬೇಕು: ಇದಕ್ಕೆ ನಿಮ್ಮ ಕಡೆ ಏನಂತೀರಿ?

ಮನೆ ಹಿಂದಿನ ಶೆಡ್ಡಿನಲ್ಲಿ ಟೇಬಲ್ಲಿಗೆ ಅಂತ ಕಬ್ಬಿಣದ ಫ್ರೇಮು ಮಾಡಿದೆ. ಉದ್ದ 1200 ಮಿ.ಮೀ., ಅಗಲ 600. ಹೇಗೆ ಮಾಡಿದೆ ಅಂತ ಅಣ್ಣನ ಮಗನಿಗೆ ಬರೆದು ಕಳಿಸೋಣ ಅಂತ ಕೂತರೆ ಎರಡನೇ ಸಾಲಿಗೇ ಪೆನ್ನು ನಿಂತಿತು. ‘ಫ್ರೇಮು ಸ್ಕ್ವೇರ್ ಇರಬೇಕು’, ಅಂದರೆ ನಾಲ್ಕೂ ಮೂಲೆ ಸರಿಯಾಗಿ 90 ಡಿಗ್ರಿ ಇರಬೇಕು ಅನ್ನೋದನ್ನ ಕನ್ನಡದಲ್ಲಿ ಹೇಗೆ ಬರೆಯಲಿ?

‘ಚೌಕ’ ಆಗುವುದಿಲ್ಲ. ಚೌಕಕ್ಕೆ ನಾಲ್ಕೂ ಬದಿ ಸಮ ಇರಬೇಕು, ನನ್ನದು ಉದ್ದಕ್ಕಿದೆ. ‘ಲಂಬಕೋನ’ ಒಂದು ಮೂಲೆಯ ಮಾತು, ಇಡೀ ಫ್ರೇಮಿನದಲ್ಲ. ಅದೂ ಅಲ್ಲದೆ ವೆಲ್ಡಿಂಗ್ ಅಂಗಡಿಯಲ್ಲಿ ಆ ಪದ ನಾನಂತೂ ಕೇಳಿಲ್ಲ.

ಗಾರೆಯವರು, ಬಡಗಿಗಳು ಮೂಲೆ ನೋಡುವ ಸಾಧನಕ್ಕೆ ‘ಮೂಲೆಮಟ್ಟ’ ಅನ್ನುತ್ತಾರೆ. ಹಿಂದಿಯವರ ಗುನಿಯಾ. ರಸಮಟ್ಟ ಇಟ್ಟು ನೋಡಿ ‘ಮಟ್ಟಕ್ಕಿದೆ’ ಅಂತೀವಲ್ವಾ, ಹಾಗೇ ‘ಫ್ರೇಮು ಮೂಲೆಮಟ್ಟಕ್ಕಿದೆ’ ಅಂದರೆ ಕಿವಿಗೆ ಒಗ್ಗುತ್ತದೆಯೇ? ನನಗೇನೋ ಹಿಡಿಸಿತು.

ಇನ್ನು ಅಳೆಯುವ ಮಾತು. ಎದುರು ಮೂಲೆಗಳ ನಡುವಿನ ಎರಡೂ ಅಳತೆ ಸಮ ಬರಬೇಕು. ಅದಕ್ಕೆ ನಮ್ಮ ಶಾಲೆಯಲ್ಲಿ ಕರ್ಣ ಅಂತಿದ್ದರು; ಲಂಬಕೋನ ತ್ರಿಭುಜದ ಉದ್ದನೆಯ ಬದಿ ವಿಕರ್ಣ. ಹಿಂದಿಯಲ್ಲಿ ತಿರುಗುಮುರುಗು. ಹುಡುಗ ಓದುತ್ತಿರುವುದು ಹಿಂದಿ ಶಾಲೆಯಲ್ಲಿ, ಹಾಗಾಗಿ ಸುಮ್ನೆ ‘ಮೂಲೆಯಿಂದ ಮೂಲೆಗೆ’ ಅಂತ ಬರೆದೆ.

ನನ್ನ ಎಡವಟ್ಟೂ ಅಲ್ಲೇ ಗೊತ್ತಾಗಿದ್ದು. ನಾಲ್ಕು ಮೂಲೆಗೂ ಟ್ಯಾಕ್ (ಹಿಡಿದು ನಿಲ್ಲಲು ಹಾಕುವ ಚುಕ್ಕಿ ಬೆಸುಗೆ) ಹಾಕಿದಾಗ ಎರಡೂ ಕಡೆ 1342 ಇತ್ತು. ಖುಷಿಯಲ್ಲಿ ಒಂದು ಮೂಲೆಯ ಒಳಮಗ್ಗುಲನ್ನ ಒಂದೇ ಏಟಿಗೆ ಪೂರ್ತಿ ಬೆಸೆದುಬಿಟ್ಟೆ. ಚಹಾ ಕುಡಿದು ಬಂದು ಅಳೆದರೆ ಒಂದು ಕಡೆ 1346, ಇನ್ನೊಂದು ಕಡೆ 1338! ಬೆಸುಗೆ ಆರುತ್ತಾ ಕುಗ್ಗುತ್ತದೆ, ಪೈಪನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಮೂಲೆಗೆ ಅಂಟಿಸಿದ್ದ ಮ್ಯಾಗ್ನೆಟ್ಟು ಆ ಎಳೆತಕ್ಕೆ ಎಲ್ಲಿಯ ಲೆಕ್ಕ! ಗ್ರೈಂಡರಿನಲ್ಲಿ ಕತ್ತರಿಸಿ, ಉದ್ದ ಬಂದ ಕಡೆಯನ್ನು ಕ್ಲಾಂಪಿನಿಂದ ಬಿಗಿದು, ಮತ್ತೆ ಟ್ಯಾಕ್ ಹಾಕಿದೆ. ಆಮೇಲೆ ಈ ಮೂಲೆಗಿಷ್ಟು, ಎದುರು ಮೂಲೆಗಿಷ್ಟು ಬೆಸೆದು, ನಡುನಡುವೆ ಆರಲು ಬಿಟ್ಟೆ.

ಇದನ್ನು ಬರೆಯುವಾಗ ಎರಡನೇ ತೊಡಕು: ಆಗ ಫ್ರೇಮಿಗೆ ಆಗಿದ್ದೇನು? ‘ಸೊಟ್ಟ’ ಅಂದರೆ ಎಲ್ಲಕ್ಕೂ ಸಲ್ಲುತ್ತದೆ, ಅದಕ್ಕೇ ಇಲ್ಲಿ ಕೆಲಸಕ್ಕೆ ಬಾರದು. ಪೈಪೇ ಬಾಗಿದ್ದರೆ ‘ಡೊಂಕು’. ಎರಡೂ ಅಳತೆ ಸಮ ಇದ್ದೂ ನೆಲದ ಮೇಲಿಟ್ಟರೆ ಒಂದು ಮೂಲೆ ಎದ್ದು ಕುಂಟಿದರೆ, ಅದು ‘ತಿರುಚಿದೆ’. ನನ್ನದರಲ್ಲಿ ಪೈಪು ನೆಟ್ಟಗಿತ್ತು, ನೆಲಕ್ಕೂ ಕೂತಿತ್ತು, ಮೂಲೆಗಳು ಮಾತ್ರ ಒಂದು ಕಡೆ ವಾಲಿದ್ದವು. ಸದ್ಯಕ್ಕೆ ‘ಓರೆ’ ಅಂತ ಬರೆದಿದ್ದೇನೆ. ಆದರೆ ಗೋಡೆಗೆ ಒರಗಿಸಿಟ್ಟ ಏಣಿಯೂ ಓರೆಯೇ ಅಲ್ವಾ?

ಬಡಗಿ ಕೆಲಸ, ಗಾರೆ ಕೆಲಸದ ಮನೆಯವರು ಯಾರಾದರೂ ಇದ್ದರೆ ಹೇಳಿ: ನಿಮ್ಮಲ್ಲಿ ಮೂಲೆಮಟ್ಟ ಬರೀ ಸಾಧನದ ಹೆಸರೋ, ‘ಮೂಲೆಮಟ್ಟ ತಪ್ಪಿದೆ’ ಅಂತಲೂ ಅನ್ನುತ್ತೀರೋ? ಬಾಗಿಲ ಚೌಕಟ್ಟು ಹೀಗೆ ವಾಲಿದರೆ ಮನೆಯ ಹಿರಿಯರು ಏನಂತಿದ್ದರು?