ಪದಚರ್ಚೆ: ‘ಡ್ರೈ’ ವೈನ್, ‘ಬ್ರಿಟಿಷ್’ ವೈನ್, ಗೂಸ್‌ಬೆರಿ – ಇಂಗ್ಲೆಂಡಿನ ದ್ರಾಕ್ಷಿ ತೋಟದ ಪದಗಳಿಗೆ ಕನ್ನಡ

ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ದ್ರಾಕ್ಷಿ ಬೇಸಾಯ ಮತ್ತು ಅಲ್ಲಿನ ವೈನ್ ಬಗೆಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ. ‘ಇಂಗ್ಲಿಷ್ ವೈನ್’, ‘ಬ್ರಿಟಿಷ್ ವೈನ್’ ಎರಡೂ ಬರುತ್ತವೆ. ಎರಡಕ್ಕೂ ‘ಬ್ರಿಟನ್ನಿನ ವೈನ್’ ಅಂದರೆ ನಡೆಯುತ್ತದೆಯೇ? ‘ಡ್ರೈ’ ಎಂಬಲ್ಲೆಲ್ಲ ‘ಒಣ ವೈನ್’ ಎಂದು ಬರೆದಿದ್ದೇನೆ, ಓದಿದರೆ ಸರಿಬರುತ್ತಿಲ್ಲ. ‘ಮ್ಯಾರಿಟೈಮ್’ ಹವೆಗೆ ‘ಕರಾವಳಿ ಹವಾಮಾನ’, ‘ಫ್ರಾಸ್ಟ್’ಗೆ ‘ಮಂಜು’, ‘ಗೂಸ್‌ಬೆರಿ’ಗೆ ‘ನೆಲ್ಲಿಕಾಯಿ’ ಎಂದು ಹಾಕಿದ್ದೇನೆ. ‘ಪ್ರೂನಿಂಗ್’, ‘ಫ್ರೂಟ್ ಸೆಟ್’, ‘ಲೀಸ್’ ಇವಕ್ಕೆ ರೈತರ ಬಾಯಲ್ಲಿರುವ ಪದ ಇದ್ದರೆ ತಿಳಿಸಿ. ವೈನಿಗೆ ‘ದ್ರಾಕ್ಷಾರಸ’ ಎನ್ನಬಹುದೇ?

ಉತ್ತರ 1

ನಮಸ್ಕಾರ ಸರ್. ಮೊದಲು ತಪ್ಪಲೇಬಾರದ ಪದವನ್ನು ತೆಗೆದುಕೊಳ್ಳುತ್ತೇನೆ. ‘ಇಂಗ್ಲಿಷ್ ವೈನ್’ ಅಂದರೆ ಇಂಗ್ಲೆಂಡಿನ ನೆಲದಲ್ಲಿ ಬೆಳೆದ ಹಸಿ ದ್ರಾಕ್ಷಿಯಿಂದ ಮಾಡಿದ್ದು. ವೇಲ್ಸಿನಲ್ಲಿ ಬೆಳೆದದ್ದಾದರೆ ‘ವೆಲ್ಷ್ ವೈನ್’. ‘ಬ್ರಿಟಿಷ್ ವೈನ್’ ಬೇರೆಯೇ ಸರಕು: ಹೊರದೇಶದಿಂದ ತರಿಸಿದ, ನೀರು ಇಂಗಿಸಿ ಗಟ್ಟಿ ಮಾಡಿದ ದ್ರಾಕ್ಷಿ ರಸಕ್ಕೆ ಬ್ರಿಟನ್ನಿನಲ್ಲಿ ನೀರು ಬೆರೆಸಿ ಹುದುಗಿಸಿದ್ದು. ಅದರಲ್ಲಿ ಅಲ್ಲಿನ ಬಳ್ಳಿಯ ಒಂದು ಹಣ್ಣೂ ಇರಬೇಕಾಗಿಲ್ಲ. ಎರಡನ್ನೂ ‘ಬ್ರಿಟನ್ನಿನ ವೈನ್’ ಅಂದರೆ ಅಲ್ಲಿನ ಬೆಳೆಗಾರರು ಏಳು ದಶಕ ಕಷ್ಟಪಟ್ಟು ಕಟ್ಟಿದ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಹ್ಯಾಂಪ್‌ಷೈರಿನ ಹ್ಯಾಂಬಲ್ಡನ್‌ನಲ್ಲಿ ಗೈ ಸಾಲಿಸ್‌ಬರಿ ಜೋನ್ಸ್ 1950ರ ದಶಕದ ಆರಂಭದಲ್ಲಿ ನೆಟ್ಟ ತೋಟವನ್ನು ಈ ಹೊಸ ಕಾಲದ ಬೇಸಾಯದ ಮೊದಲ ವಾಣಿಜ್ಯ ತೋಟ ಎನ್ನುತ್ತಾರೆ. ಇವತ್ತು ಕೆಂಟ್, ಸಸೆಕ್ಸ್, ಹ್ಯಾಂಪ್‌ಷೈರ್, ಎಸೆಕ್ಸ್ ಸೇರಿ ಇಂಗ್ಲೆಂಡ್ ಮತ್ತು ವೇಲ್ಸಿನ ಬಳ್ಳಿ 4,000 ಹೆಕ್ಟೇರು ದಾಟಿದೆ. ಆದ್ದರಿಂದ ‘ಇಂಗ್ಲೆಂಡಿನ ವೈನ್’ ಎಂದು ಬರೆದು, ಇನ್ನೊಂದನ್ನು ‘ಬ್ರಿಟಿಷ್ ವೈನ್’ ಎಂದು ಉದ್ಧರಣ ಚಿಹ್ನೆಯೊಳಗೇ ಇಟ್ಟು ಒಂದು ಸಾಲಿನ ವಿವರಣೆ ಕೊಡಿ.

‘ಕರಾವಳಿ ಹವಾಮಾನ’ ಬೇಡ. ಕನ್ನಡ ಓದುಗರಿಗೆ ಕರಾವಳಿ ಅಂದಕೂಡಲೇ ಮಂಗಳೂರು, ಕಾರವಾರದ ಸೆಕೆ ನೆನಪಾಗುತ್ತದೆ. ಇಲ್ಲಿನ ವಿಷಯ ಅದಕ್ಕೆ ತಿರುಗಾಮುರುಗ. ಸುಮಾರು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಚಳಿಗಾಲವನ್ನು ಮೃದು ಮಾಡುತ್ತದೆ. ಅದೇ ಕಡಲು ಬೇಸಿಗೆಯನ್ನೂ ತಂಪಾಗಿಡುತ್ತದೆ. ಬಳ್ಳಿ ಚಳಿಗೆ ಸಾಯುವುದಿಲ್ಲ, ಹಣ್ಣು ಮಾಗಲು ಬೇಕಾದ ಬಿಸಿಲು ಮಾತ್ರ ಅಂಚಿನಲ್ಲಿ ನಿಲ್ಲುತ್ತದೆ. ‘ಕಡಲ ತಂಪಿನ ಹವೆ’ ಅಂದರೆ ಎರಡೂ ಗುಣ ಒಟ್ಟಿಗೆ ಬರುತ್ತವೆ. ನಿಮ್ಮ ಬರಹದ ಉಳಿದ ಪದಗಳೆಲ್ಲ ಈ ಹವೆಯಿಂದಲೇ ಹುಟ್ಟಿದವು. ಅಲ್ಲಿ ತೋಟದಿಂದ ಬಾಟಲಿಯವರೆಗೆ ನಡೆಯುವುದು ಹುಳಿಯ ಲೆಕ್ಕಾಚಾರ. ಅನುವಾದದಲ್ಲಿ ‘ಹುಳಿ’ ಎಂಬ ಪದಕ್ಕೆ ಹಿಂಜರಿದು ‘ತಾಜಾತನ’, ‘ಚುರುಕು’ ಎಂದೆಲ್ಲ ಹಾಕಿದರೆ ಬರಹದ ಬೆನ್ನೆಲುಬೇ ಹೋಗುತ್ತದೆ. ನೇರವಾಗಿ ಹುಳಿ ಎನ್ನಿ.

ಪ್ರೂನಿಂಗಿಗೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದಕ್ಕೆ, ವಿಜಯಪುರ, ಬಾಗಲಕೋಟೆ ಕಡೆಯ ಬೆಳೆಗಾರರು ‘ಚಾಟ್ನಿ’ ಎನ್ನುತ್ತಾರೆ. ಜೀವಂತವಾದ ಪದ, ಬಳಸಿ. ಆದರೆ ಅಲ್ಲಿ ವರ್ಷಕ್ಕೆ ಎರಡು ಚಾಟ್ನಿ: ಏಪ್ರಿಲ್ ಹೊತ್ತಿಗೆ ಕಡ್ಡಿ ಬೆಳೆಸಲು ಒಂದು, ಅಕ್ಟೋಬರ್ ಹೊತ್ತಿಗೆ ಫಲಕ್ಕಾಗಿ ಇನ್ನೊಂದು. ಅಲ್ಲಿ ಬಳ್ಳಿ ಪೂರ್ತಿ ನಿದ್ದೆಗೆ ಹೋಗುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಎಲೆಯೆಲ್ಲ ಉದುರಿ ಬಳ್ಳಿ ಮಲಗಿದ ಮೇಲೆ, ಡಿಸೆಂಬರಿನಿಂದ ಮಾರ್ಚ್‌ವರೆಗೆ, ಒಂದೇ ಸಲ. ಆದ್ದರಿಂದ ಮೊದಲ ಬಾರಿ ಬರುವಲ್ಲಿ ‘ಚಳಿಗಾಲದ ಚಾಟ್ನಿ’ ಎನ್ನಿ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಗಿಯೋ ಪದ್ಧತಿಯಲ್ಲಿ ಕಳೆದ ವರ್ಷದ ಕಡ್ಡಿಗಳಲ್ಲಿ ಒಂದೋ ಎರಡೋ ಉಳಿಸಿ, ಕಡ್ಡಿಗೆ 8ರಿಂದ 10 ಕಣ್ಣು (ಚಿಗುರೊಡೆಯುವ ಮೊಗ್ಗು) ಬಿಟ್ಟು, ತಂತಿಗೆ ಬಾಗಿಸಿ ಕಟ್ಟುತ್ತಾರೆ. ಮುಂದಿನ ವರ್ಷದ ಕಡ್ಡಿಗಾಗಿ ಎರಡು ಕಣ್ಣಿನ ಮೋಟು ಬಿಡುತ್ತಾರೆ. ಉಳಿದದ್ದೆಲ್ಲ ಕತ್ತರಿಗೆ. ಎಲ್ಲ ಕಡ್ಡಿಯನ್ನೂ ಮೋಟು ಮಾಡದೆ ಉದ್ದ ಕಡ್ಡಿ ಏಕೆ ಬಿಡುತ್ತಾರೆಂದರೆ, ತಂಪು ಹವೆಯಲ್ಲಿ ಬುಡದ ಕಣ್ಣುಗಳಲ್ಲಿ ಗೊನೆ ಕಟ್ಟುವುದು ಕಡಿಮೆ. ಬಳ್ಳಿ ಚಪ್ಪರದ ಮೇಲೆ ಹರಡುವುದಿಲ್ಲ, ನೇರ ಸಾಲಿನಲ್ಲಿ ತಂತಿಗಳ ನಡುವೆ ಮೇಲಕ್ಕೆ ಏರುತ್ತದೆ. ಸಾಲಿನಿಂದ ಸಾಲಿಗೆ 2 ಮೀಟರು, ಬಳ್ಳಿಯಿಂದ ಬಳ್ಳಿಗೆ 1.2 ಮೀಟರು ಬಿಟ್ಟರೆ ಹೆಕ್ಟೇರಿಗೆ 4,170ರಷ್ಟು ಬಳ್ಳಿ. ಹಾಗಾಗಿ ‘ಟ್ರೆಲಿಸ್’ಗೆ ‘ಚಪ್ಪರ’ ಎಂದು ಹಾಕಬೇಡಿ, ‘ತಂತಿಸಾಲು’ ಅನ್ನಿ.

ಫ್ರಾಸ್ಟ್ ಅಂದರೆ ಮಂಜೂ ಅಲ್ಲ, ಹಿಮವೂ ಅಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು, ಎಲೆಯ ಮೇಲಿನ ತೇವ ಹೆಪ್ಪುಗಟ್ಟುತ್ತದೆ. ‘ಹೆಪ್ಪಿಬ್ಬನಿ’ ಎಂದು ಕಟ್ಟಿಕೊಳ್ಳಬಹುದು, ಅಥವಾ ‘ಚಿಗುರು ಸುಡುವ ಚಳಿ’ ಎಂದು ಬಿಡಿಸಿ ಹೇಳಬಹುದು. ಏಪ್ರಿಲ್ ನಡುವಿನಲ್ಲಿ ಕಣ್ಣೊಡೆದ ಬಳ್ಳಿಗೆ ಮೇ ನಡುವಿನವರೆಗೂ ಈ ಭಯ ಇದ್ದೇ ಇರುತ್ತದೆ. ಹಸಿರು ಚಿಗುರು −2 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಮರುತ್ತದೆ. ಎರಡನೆಯ ಕಣ್ಣು ಒಡೆದರೂ ಅದರಲ್ಲಿ ಗೊನೆ ಕಡಿಮೆ, ಬಂದದ್ದೂ ತಡವಾಗಿ ಮಾಗುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನ ತಗ್ಗಿಗೆ ಹರಿದು ನಿಲ್ಲುವುದರಿಂದ ತೋಟವನ್ನು ಇಳಿಜಾರಿನ ನಡುಭಾಗದಲ್ಲಿ ಮಾಡುತ್ತಾರೆ. ಕೆಳಗಿನ ಬೇಲಿಯಲ್ಲಿ ಕಿಂಡಿ ಬಿಟ್ಟು ಆ ಗಾಳಿಗೆ ಹೊರದಾರಿ ಕೊಡುತ್ತಾರೆ. ಸಾಲುಗಳ ನಡುವೆ ಪ್ಯಾರಫಿನ್ ಮೇಣದ ಡಬ್ಬಿಗಳನ್ನು ಹೆಕ್ಟೇರಿಗೆ 300-400ರಂತೆ ಹಚ್ಚುವುದೂ ಇದೆ. ಚಾಟ್ನಿಯನ್ನು ತಡ ಮಾಡಿದರೆ ಕಣ್ಣೊಡೆಯುವುದು ಕೆಲವು ದಿನ ಮುಂದೆ ಹೋಗುತ್ತದೆ. ಖರ್ಚಿಲ್ಲದ ಉಪಾಯ ಅದೊಂದೇ.

‘ಫ್ರೂಟ್ ಸೆಟ್’ಗೆ ನಮ್ಮ ‘ಕಾಯಿ ಕಚ್ಚುವುದು’ ಅನ್ನುವುದಕ್ಕಿಂತ ಒಳ್ಳೆಯ ಮಾತಿಲ್ಲ. ಜೂನ್ ಕೊನೆ, ಜುಲೈ ಮೊದಲ ವಾರದಲ್ಲಿ ಹೂವು. ಆಗ ಮಳೆ ಹಿಡಿದು ಬಿಸಿ 15 ಡಿಗ್ರಿಗಿಂತ ಕೆಳಗೇ ಉಳಿದರೆ ಪರಾಗ ಮೊಳೆಯದೆ ಹೂ ಉದುರುತ್ತದೆ. ಇದಕ್ಕೆ ಫ್ರೆಂಚರ ಪದ ‘ಕುಲ್ಯೂರ್’. ಕನ್ನಡದಲ್ಲಿ ‘ಹೂ ಉದುರು’ ಸಾಕು. ‘ಮಿಲ್ಲೆರಾಂಡಾಜ್’ ಎಂಬುದು ಒಂದೇ ಗೊನೆಯಲ್ಲಿ ದಪ್ಪ ಕಾಯಿಯೂ ಬೀಜವಿಲ್ಲದ ಪುಟ್ಟ ಕಾಯಿಯೂ ಬೆರೆಯುವುದು. ಅದಕ್ಕೆ ಹೊಸ ಪದ ಕಟ್ಟಬೇಡಿ, ಬಿಡಿಸಿ ಬರೆಯಿರಿ. 2012ರಲ್ಲಿ ಹೂವಿನ ಹೊತ್ತಿನ ಮಳೆ, ಬಿಸಿಲಿಲ್ಲದ ಬೇಸಿಗೆ ಎರಡೂ ಸೇರಿ, ಸಸೆಕ್ಸಿನ ನೈಟಿಂಬರ್ ಸಂಸ್ಥೆ ಹಣ್ಣು ತಕ್ಕ ಗುಣಕ್ಕೆ ಬರಲಿಲ್ಲವೆಂದು ಆ ವರ್ಷದ ಕೊಯ್ಲನ್ನೇ ಕೈಬಿಟ್ಟಿತು.

ರೋಗಗಳ ಹೆಸರಿಗೆ ತಡಕಾಡುವುದು ಬೇಡ. ‘ಡೌನಿ ಮಿಲ್ಡ್ಯೂ’ಗೆ ‘ದಾವಣಿ’, ‘ಪೌಡರಿ ಮಿಲ್ಡ್ಯೂ’ಗೆ ‘ಬೂದಿ ರೋಗ’ ಇದ್ದೇ ಇವೆ. ಗೊನೆ ಕೊಳೆಸುವ ಬೊಟ್ರೈಟಿಸ್‌ಗೆ ‘ಬೂದು ಬೂಜು’ ಅನ್ನಬಹುದು, ಬೂದಿ ರೋಗದೊಂದಿಗೆ ಕಲಸಿಹೋಗದಂತೆ ನೋಡಿಕೊಳ್ಳಿ. ಕಾಯಿ ಕಚ್ಚಿದ ಮೇಲೆ ಗೊನೆಯ ಸುತ್ತಲಿನ ಎಲೆ ಕೀಳುವುದು ಈ ಬೂಜಿಗಾಗಿಯೇ: ಗಾಳಿಯಾಡಿ ಗೊನೆ ಬೇಗ ಒಣಗಲಿ ಎಂದು.

ಉತ್ತರ 2

ಮೇಲಿನ ಉತ್ತರಕ್ಕೆ ಸೇರಿಸುತ್ತೇನೆ. ‘ದ್ರಾಕ್ಷಾರಸ’ ಕನ್ನಡ ಬೈಬಲಿನಲ್ಲಿ ವೈನಿಗೇ ನಿಂತ ಪದ, ಅಲ್ಲಿ ಅದು ಸರಿ. ನಿಮ್ಮ ಬರಹದಲ್ಲಿ ಹಿಂಡಿದ ರಸವೂ ಬರುತ್ತದೆ, ಹುದುಗಿದ ವೈನೂ ಬರುತ್ತದೆ. ಹುದುಗುವ ಮುಂಚಿನದು ‘ರಸ’, ಆಮೇಲಿನದು ‘ವೈನ್’ ಎಂದು ಗೆರೆ ಎಳೆದುಬಿಡಿ.

ಈಗ ‘ಡ್ರೈ’. ‘ಒಣ ವೈನ್’ ಅಂದರೆ ಒಣದ್ರಾಕ್ಷಿಯಿಂದ ಮಾಡಿದ್ದು ಎಂದು ಓದುಗರು ತಿಳಿಯುತ್ತಾರೆ. ಹಣ್ಣನ್ನು ಬಾಡಿಸಿ ಮಾಡುವ ಅಮರೋನೆಯಂಥ ವೈನ್ ಇಟಲಿಯಲ್ಲಿ ನಿಜಕ್ಕೂ ಇರುವುದರಿಂದ ಈ ಗೊಂದಲ ಸಣ್ಣದಲ್ಲ. ಹಾಗೆಂದು ಎಲ್ಲ ಕಡೆ ‘ಸಿಹಿಯಿಲ್ಲದ’ ಎಂದು ಹಾಕಿದರೂ ತಪ್ಪಾಗುತ್ತದೆ. ಗುಳ್ಳೆಯಿಲ್ಲದ ವೈನಿನಲ್ಲಿ ಡ್ರೈ ಅಂದರೆ ಉಳಿದ ಸಕ್ಕರೆ ಲೀಟರಿಗೆ 4 ಗ್ರಾಂ ಒಳಗೆ. ಹುಳಿ ಹೆಚ್ಚಿದ್ದು, ಸಕ್ಕರೆಗೂ ಹುಳಿಗೂ ಅಂತರ 2 ಗ್ರಾಂ ದಾಟದಿದ್ದರೆ 9 ಗ್ರಾಂವರೆಗೂ ಅದೇ ಹೆಸರು. ಇಲ್ಲಿ ‘ಸಿಹಿಯಿಲ್ಲದ’ ಒಪ್ಪುತ್ತದೆ. ನೊರೆ ವೈನಿನ (‘ಸ್ಪಾರ್ಕ್ಲಿಂಗ್’) ಚೀಟಿಯ ಮೇಲೆ ಅದೇ ಪದದ ಅರ್ಥ ಬೇರೆ. ಅಲ್ಲಿ ‘ಡ್ರೈ’ ಅಥವಾ ‘ಸೆಕ್’ ಅಂದರೆ ಲೀಟರಿಗೆ 17ರಿಂದ 32 ಗ್ರಾಂ ಸಕ್ಕರೆ, ನಾಲಿಗೆಗೆ ಚೆನ್ನಾಗಿಯೇ ಸಿಹಿ ತಗಲುತ್ತದೆ. ‘ಎಕ್ಸ್‌ಟ್ರಾ ಡ್ರೈ’ 12ರಿಂದ 17. ‘ಬ್ರೂಟ್’ 12ಕ್ಕಿಂತ ಕಡಿಮೆ, ‘ಎಕ್ಸ್‌ಟ್ರಾ ಬ್ರೂಟ್’ 6ರವರೆಗೆ. ಕೊನೆಯಲ್ಲಿ ಸಕ್ಕರೆಯನ್ನೇ ಸೇರಿಸದೆ 3ಕ್ಕಿಂತ ಕಡಿಮೆ ಇದ್ದರೆ ‘ಬ್ರೂಟ್ ನೇಚರ್’. ‘ಡೆಮಿ ಸೆಕ್’ 32ರಿಂದ 50. ಅಂದರೆ ‘ಎಕ್ಸ್‌ಟ್ರಾ ಡ್ರೈ’ಯನ್ನು ‘ಅತಿ ಸಿಹಿಯಿಲ್ಲದ’ ಎಂದು ಅನುವಾದಿಸಿದರೆ, ಬ್ರೂಟ್‌ಗಿಂತ ಸಿಹಿಯಾದ ವೈನನ್ನು ಅದಕ್ಕಿಂತ ಸಪ್ಪೆ ಎಂದು ಹೇಳಿದಂತಾಗುತ್ತದೆ. ನನ್ನ ಸಲಹೆ: ನೊರೆ ವೈನಿನ ದರ್ಜೆಗಳನ್ನು ಮುಟ್ಟದೆ ಕನ್ನಡ ಲಿಪಿಯಲ್ಲೇ ಇಟ್ಟು ಪಕ್ಕದಲ್ಲಿ ಗ್ರಾಂ ಕೊಡಿ. ಇಂಗ್ಲೆಂಡಿನ ನೊರೆ ವೈನಿನಲ್ಲಿ ಬಹುಪಾಲು ಬ್ರೂಟ್. ಮೂಲ ಹುಳಿ ಅಷ್ಟು ಜೋರಾಗಿರುವುದರಿಂದ 8 ಗ್ರಾಂ ಸಕ್ಕರೆ ಇದ್ದರೂ ಕುಡಿದವರಿಗೆ ಸಿಹಿ ಎನಿಸುವುದಿಲ್ಲ.

ಗೂಸ್‌ಬೆರಿಯನ್ನು ‘ನೆಲ್ಲಿಕಾಯಿ’ ಮಾಡಬೇಡಿ. ನಮ್ಮ ನೆಲ್ಲಿಗೆ ಇಂಗ್ಲಿಷರು ‘ಇಂಡಿಯನ್ ಗೂಸ್‌ಬೆರಿ’ ಎಂದು ಹೆಸರಿಟ್ಟದ್ದರಿಂದ ಬಂದ ಎಡವಟ್ಟು ಇದು. ಯೂರೋಪಿನ ಗೂಸ್‌ಬೆರಿ ಮುಳ್ಳುಪೊದೆಯ ಹಣ್ಣು, ಹಸಿರು, ಮೈಮೇಲೆ ಸಣ್ಣ ರೋಮ, ರಸಭರಿತ ಹುಳಿ. ನೆಲ್ಲಿಯಲ್ಲಿ ಮೇಲೇಳುವುದು ಒಗರು. ಬ್ಯಾಕಸ್ ತಳಿಯ ಬಿಳಿ ವೈನಿನ ವಾಸನೆ ಹೇಳಲು ಈ ಪದ ಬಂದೇ ಬರುತ್ತದೆ, ಜೊತೆಗೆ ಎಲ್ಡರ್ ಹೂ, ತುರಚಿ ಸೊಪ್ಪು, ಆಗತಾನೆ ಕೊಯ್ದ ಹುಲ್ಲು. ನೆಲ್ಲಿಕಾಯಿ ಎಂದು ಓದಿದವರು ಒಗರಾದ ವೈನ್ ಎಂದುಕೊಳ್ಳುತ್ತಾರೆ. ಬ್ಯಾಕಸ್ಸಿನಲ್ಲಿ ಒಗರು ಇಲ್ಲವೆನ್ನುವಷ್ಟು ಕಡಿಮೆ. ‘ಒಗರು’ ಪದವನ್ನು ಕೆಂಪು ವೈನಿನ ಟ್ಯಾನಿನ್ನಿಗೆ ಕಾದಿಡಿ, ಅಲ್ಲಿ ಅದು ಕೂದಲೆಳೆಯಷ್ಟೂ ತಪ್ಪದೆ ಕೂಡುತ್ತದೆ. ಗೂಸ್‌ಬೆರಿಯನ್ನು ಗೂಸ್‌ಬೆರಿ ಎಂದೇ ಬಿಡಿ.

‘ಡೀಅಸಿಡಿಫಿಕೇಷನ್’ ಬಂದರೆ ‘ಹುಳಿ ತಗ್ಗಿಸುವುದು’ ಎನ್ನಿ, ಆದರೆ ಯಾವ ದಾರಿಯಲ್ಲಿ ಎಂಬುದನ್ನು ಬೇರ್ಪಡಿಸಿ. ಒಂದು, ರಸಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕುವುದು: ಲೀಟರಿಗೆ 0.67 ಗ್ರಾಂ ಹಾಕಿದರೆ 1 ಗ್ರಾಂ ಟಾರ್ಟಾರಿಕ್ ಹುಳಿ ಹೋಗುತ್ತದೆ. ತೊಡಕು ಏನೆಂದರೆ ಅದು ಟಾರ್ಟಾರಿಕ್ಕನ್ನೇ ಹಿಡಿಯುತ್ತದೆ, ತಂಪು ವರ್ಷದ ಹಣ್ಣಿನಲ್ಲಿ ತುಂಬಿರುವುದು ಮ್ಯಾಲಿಕ್ ಎಂಬ ಇನ್ನೊಂದು ಹುಳಿ. ಅಳತೆ ಮೀರಿ ಹಾಕಿದರೆ ಟಾರ್ಟಾರಿಕ್ ಖಾಲಿಯಾಗಿ ಹಸಿ ಸೇಬಿನ ಹುಳಿಯೇ ಉಳಿಯುತ್ತದೆ. ಇನ್ನೊಂದು ದಾರಿ ಬ್ಯಾಕ್ಟೀರಿಯದ್ದು: ಮ್ಯಾಲಿಕ್ಕನ್ನು ಲ್ಯಾಕ್ಟಿಕ್ ಆಗಿ ಮಾರ್ಪಡಿಸಿ, ಆ ಪಾಲಿನ ಹುಳಿಯನ್ನು ಅರ್ಧಕ್ಕೆ ಇಳಿಸುತ್ತದೆ. ವೈನ್ 18-20 ಡಿಗ್ರಿ ಬೆಚ್ಚಗಿರಬೇಕು, ಗಂಧಕದ ಡೈಆಕ್ಸೈಡ್ ಹಾಕಿರಬಾರದು. ಪಿಎಚ್ 3.1ಕ್ಕಿಂತ ಕೆಳಗಿದ್ದರೆ, ಅಂದರೆ ಹುಳಿ ಇನ್ನೂ ಜೋರಾಗಿದ್ದರೆ, ಬ್ಯಾಕ್ಟೀರಿಯ ಏಳುವುದೇ ಕಷ್ಟ. ಇಂಗ್ಲೆಂಡಿನ ನೊರೆ ವೈನಿನ ಮೂಲ ವೈನ್ (ಬಾಟಲಿಯಲ್ಲಿ ಇನ್ನೊಮ್ಮೆ ಹುದುಗಿಸುವ ಮುಂಚಿನದು) ಎಷ್ಟೋ ಸಲ ಅಲ್ಲೇ ಇರುತ್ತದೆ.

ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದ. ‘ಸ್ಪಾರ್ಕ್ಲಿಂಗ್’ಗೆ ‘ನೊರೆ ವೈನ್’ ಎಂದೇ ಇಟ್ಟುಕೊಳ್ಳಲೇ? ‘ಲೀಸ್’ ಬಾಕಿ ಉಳಿಯಿತು. ‘ಕೆಸರು’ ಎಂದು ಬರೆದಿದ್ದೆ.

ಉತ್ತರ 1

ನೊರೆ ವೈನ್ ಇರಲಿ ಸರ್, ‘ಸ್ಟಿಲ್’ಗೆ ‘ಗುಳ್ಳೆಯಿಲ್ಲದ ವೈನ್’. ಕೆಸರು ಬೇಡ, ಅದು ಕೊಳೆಯ ಭಾವ ತರುತ್ತದೆ. ತುಪ್ಪ, ಎಣ್ಣೆಯ ತಳದಲ್ಲಿ ನಿಲ್ಲುವುದಕ್ಕೆ ನಾವು ‘ಗಸಿ’ ಎನ್ನುತ್ತೇವಲ್ಲ, ಲೀಸ್ ಅದೇ: ಹುದುಗುವ ಕೆಲಸ ಮುಗಿಸಿ ಸತ್ತು ತಳಕ್ಕೆ ಕೂತ ಯೀಸ್ಟ್. ಆದರೆ ಇದನ್ನು ಎಸೆಯಲು ಅವಸರ ಮಾಡುವುದಿಲ್ಲ. ಶಾಂಪೇನ್ ಪದ್ಧತಿಯಲ್ಲಿ ಮೂಲ ವೈನಿಗೆ ಲೀಟರಿಗೆ 24 ಗ್ರಾಂನಷ್ಟು ಸಕ್ಕರೆ, ಪಳಗಿಸಿದ ಯೀಸ್ಟ್ ಸೇರಿಸಿ ಬಾಟಲಿಯಲ್ಲಿ ಮುಚ್ಚಿದರೆ ಒಳಗೇ ಇನ್ನೊಮ್ಮೆ ಹುದುಗಿ 6 ವಾಯುಭಾರದ ಒತ್ತಡ ಬರುತ್ತದೆ, ಆಲ್ಕೋಹಾಲು ಶೇ 1.4ರಷ್ಟು ಏರುತ್ತದೆ. ಪ್ರತಿ 4 ಗ್ರಾಂ ಸಕ್ಕರೆಗೆ ಹೆಚ್ಚುಕಡಿಮೆ ಒಂದು ವಾಯುಭಾರ. ತೂಕ ತಪ್ಪಿ ಹೆಚ್ಚಾದರೆ ಬಾಟಲಿ ಒಡೆಯುತ್ತದೆ. ಯೀಸ್ಟನ್ನು ಮೊದಲೇ ಹುಳಿಗೂ ಆಲ್ಕೋಹಾಲಿಗೂ ಒಗ್ಗಿಸದೆ ಹಾಕಿದರೆ ಹುದುಗು ನಡುವೆಯೇ ನಿಲ್ಲುತ್ತದೆ, ಸಕ್ಕರೆ ಉಳಿಯುತ್ತದೆ, ಒತ್ತಡ ಬರುವುದಿಲ್ಲ.

ಆಮೇಲೆ ‘ಆನ್ ದಿ ಲೀಸ್’, ಅಂದರೆ ‘ಗಸಿಯ ಮೇಲೆ ಇಡುವುದು’. ಕಡಿಮೆಯೆಂದರೆ 9 ತಿಂಗಳು, ಒಳ್ಳೆಯ ತಯಾರಕರು ಎರಡು ಮೂರು ವರ್ಷ. ಗಸಿ ನಿಧಾನವಾಗಿ ಒಡೆದು ಬನ್ನು, ಬಿಸ್ಕತ್ತಿನ ವಾಸನೆ ಕೊಡುತ್ತದೆ, ಹುಳಿಯ ಚೂಪು ತಗ್ಗುತ್ತದೆ. ‘ರಿಡ್ಲಿಂಗ್’ ಬಂದರೆ ‘ಗಸಿ ಇಳಿಸುವುದು’ ಎನ್ನಿ: ಬಾಟಲಿಯನ್ನು ತಲೆಕೆಳಗಾಗುವವರೆಗೆ ತಿರುಗಿಸುತ್ತಾ ಗಸಿಯನ್ನು ಮುಚ್ಚಳದ ಬಳಿ ತರುವುದು. ‘ಡಿಸ್ಗಾರ್ಜಿಂಗ್’ ಆದರೆ ‘ಗಸಿ ಹಾರಿಸುವುದು’: ಕತ್ತನ್ನು −25 ಡಿಗ್ರಿ ಸುಮಾರಿನ ದ್ರವದಲ್ಲಿ ಅದ್ದಿ, ಹೆಪ್ಪುಗಟ್ಟಿದ ಗಸಿಯನ್ನು ಬಾಟಲಿಯ ಒತ್ತಡವೇ ಹೊರಗೆ ತಳ್ಳುವಂತೆ ಮುಚ್ಚಳ ತೆಗೆಯುವುದು. ಬ್ರೂಟ್, ಸೆಕ್ ಎಂದು ಹೆಸರು ಕೊಡುವ ಸಕ್ಕರೆ ಬೀಳುವುದು ಇದರ ನಂತರ, ಬಿರಡೆ ಹಾಕುವ ಮುಂಚೆ. ನಿಮ್ಮ ಬರಹದಲ್ಲಿ ‘ಡೋಸೇಜ್’ ಎಂದು ಬಂದಿರುವುದು ಇದೇ. ಔಷಧದ ‘ಪ್ರಮಾಣ’ ಎಂದು ಬರೆದಿದ್ದರೆ ‘ಕೊನೆಯ ಸಿಹಿ’ ಎಂದು ತಿದ್ದಿ.