ಹಳೆಯ ಐಫೋನ್‌ನಲ್ಲಿ ಫ್ಲೆಕ್ಸ್ ಸಾಲಿನ ಗ್ಯಾಪ್ ಕಾಣುತ್ತಿಲ್ಲ, @ಸಪೋರ್ಟ್ಸ್ ಕೂಡ ನೆರವಿಗೆ ಬರುತ್ತಿಲ್ಲ

ಪ್ರಶ್ನೆ
ನಮಸ್ಕಾರ. ಒಂದು ಗ್ರಂಥಾಲಯದ ಜಾಲತಾಣಕ್ಕೆ ಸ್ಟೈಲ್ ಶೀಟ್ (ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಕೋಡ್) ಬರೆಯುತ್ತಿದ್ದೇನೆ. ‘ಹುಡುಕು’, ‘ಎರವಲು’, ‘ಹಿಂದಿರುಗಿಸು’ ಎಂಬ ಮೂರು ಬಟನ್‌ಗಳನ್ನು ಫ್ಲೆಕ್ಸ್ ಸಾಲಿನಲ್ಲಿ (ಅಕ್ಕಪಕ್ಕ ಜೋಡಿಸುವ ಲೇಔಟ್) ಇಟ್ಟು, ನಡುವೆ 12 ಪಿಕ್ಸೆಲ್ ಗ್ಯಾಪ್ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿದೆ. ಐಒಎಸ್ 13 ಇರುವ ಫೋನ್‌ನಲ್ಲಿ ಮಾತ್ರ ಮೂರೂ ಒಂದಕ್ಕೊಂದು ಅಂಟಿಕೊಂಡು ಒಂದೇ ಉದ್ದನೆಯ ಪಟ್ಟಿಯಂತೆ ಕಾಣುತ್ತವೆ. ಗ್ಯಾಪ್ ತಿಳಿಯದ ಬ್ರೌಸರ್‌ಗಳಿಗೆ ಮಾರ್ಜಿನ್ (ಹೊರ ಅಂಚಿನ ಜಾಗ) ಸಿಗಲಿ ಎಂದು ‘@ಸಪೋರ್ಟ್ಸ್ ನಾಟ್’ ಷರತ್ತನ್ನೂ ಬರೆದಿದ್ದೆ, ಅದು ಜಾರಿಗೇ ಬರುತ್ತಿಲ್ಲ. ಅದೇ ಫೋನ್‌ನಲ್ಲಿ ಕ್ರೋಮ್ ಹಾಕಿ ನೋಡಿದರೂ ಫಲಿತಾಂಶ ಅದೇ. ಎಲ್ಲಿ ಎಡವಿದ್ದೇನೆ?

ಉತ್ತರ 1
ನಿಮ್ಮ ಷರತ್ತಿನಲ್ಲಿ ಬರವಣಿಗೆಯ ತಪ್ಪಿಲ್ಲ. ಒಂದು ಪ್ರಾಪರ್ಟಿ (ಇಲ್ಲಿ ಗ್ಯಾಪ್) ಮತ್ತು ಅದರ ವ್ಯಾಲ್ಯೂ (ಅದಕ್ಕೆ ಕೊಟ್ಟ ಅಳತೆ) ಬ್ರೌಸರ್‌ಗೆ ಅರ್ಥವಾಗುತ್ತವೆಯೇ ಎಂಬುದನ್ನಷ್ಟೇ @ಸಪೋರ್ಟ್ಸ್ ಪರೀಕ್ಷಿಸುತ್ತದೆ. ಯಾವ ಲೇಔಟ್‌ನಲ್ಲಿ ಅದು ನಡೆಯುತ್ತದೆ ಎಂಬುದನ್ನು ಕೇಳುವ ದಾರಿ ಅದರಲ್ಲಿಲ್ಲ. ಐಫೋನ್‌ನ ಬ್ರೌಸರ್ ಸಫಾರಿಯಲ್ಲಿ ಗ್ರಿಡ್ (ಅಡ್ಡಸಾಲು, ಉದ್ದಸಾಲುಗಳ ಲೇಔಟ್) ಒಳಗಿನ ಗ್ಯಾಪ್ 12ನೇ ಆವೃತ್ತಿಯಲ್ಲೇ ಇತ್ತು, ಫ್ಲೆಕ್ಸ್‌ನೊಳಗಿನದು ಬಂದದ್ದು 2021ರ ಏಪ್ರಿಲ್‌ನ 14.1ರಲ್ಲಿ. ಹೀಗಾಗಿ ನಡುವಿನ ಆವೃತ್ತಿಗಳೆಲ್ಲ ‘ಗ್ಯಾಪ್ ಗೊತ್ತು’ ಎಂದೇ ಹೇಳುತ್ತವೆ, ನಿಮ್ಮ ಮಾರ್ಜಿನ್ ಪಕ್ಕಕ್ಕೆ ಸರಿಯುತ್ತದೆ. ಇನ್ನು ಆ ಫೋನ್‌ನ ಕ್ರೋಮ್ ಕೂಡ ಒಳಗೆ ಸಫಾರಿಯ ವೆಬ್‌ಕಿಟ್ ಎಂಜಿನ್ನನ್ನೇ ಬಳಸುವುದರಿಂದ, ಅದನ್ನು ಎರಡನೆಯ ಬ್ರೌಸರ್‌ನ ಪರೀಕ್ಷೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ.
ಗ್ಯಾಪ್ ತೆಗೆದು, ಎರಡನೆಯ ಬಟನ್‌ನಿಂದ ಮುಂದಕ್ಕೆ ಎಡ ಮಾರ್ಜಿನ್ ಕೊಡಿ. ಷರತ್ತೇ ಬೇಕಾಗುವುದಿಲ್ಲ.

ಉತ್ತರ 2
ಗ್ಯಾಪ್ ಬದಲು ‘ಇನ್‌ಸೆಟ್’ (ಅಂಚುಗಳಿಂದ ಎಷ್ಟು ದೂರ ಎಂದು ಹೇಳುವ) ಪ್ರಾಪರ್ಟಿಯನ್ನು @ಸಪೋರ್ಟ್ಸ್‌ನಲ್ಲಿ ಪರೀಕ್ಷಿಸುವುದೂ ಉಂಟು, ಏಕೆಂದರೆ ಸಫಾರಿಗೆ ಅದೂ 14.1ರಲ್ಲೇ ಬಂತು. ಕೆಲಸವೇನೋ ಆಗುತ್ತದೆ. ಆದರೆ ಒಂದನ್ನು ಕೇಳಿ ಇನ್ನೊಂದನ್ನು ಊಹಿಸುವ ಈ ಬಗೆಯನ್ನು ನಾನು ಒಪ್ಪುವುದಿಲ್ಲ. ಮುಂದೆ ಆ ಕೋಡ್ ಓದುವವರಿಗೆ ಬಟನ್ ಸಾಲಿಗೂ ಇನ್‌ಸೆಟ್‌ಗೂ ಏನು ಸಂಬಂಧವೆಂದು ತಿಳಿಯದೆ, ಅವರು ಅದನ್ನು ಅಳಿಸಿಬಿಡುವ ಸಾಧ್ಯತೆಯೇ ಹೆಚ್ಚು.

ಪ್ರಶ್ನೆ ಕೇಳಿದವರಿಂದ
ಇಬ್ಬರಿಗೂ ಧನ್ಯವಾದಗಳು. ಎಡ ಮಾರ್ಜಿನ್ ಹಾಕಿದೆ, ಆದರೆ ಕಿರಿದಾದ ಪರದೆಯಲ್ಲಿ ‘ಹಿಂದಿರುಗಿಸು’ ಕೆಳಸಾಲಿಗೆ ಇಳಿದಾಗ 12 ಪಿಕ್ಸೆಲ್ ಒಳಕ್ಕೆ ಸರಿದು ಸೊಟ್ಟಗೆ ನಿಂತಿತು. ಮೇಲಿನ ಬಟನ್‌ಗೂ ಅದಕ್ಕೂ ನಡುವೆ ಅಂತರವೇ ಉಳಿಯಲಿಲ್ಲ.

ಉತ್ತರ 1
ಸಾಲು ಮುರಿಯುವುದಾದರೆ ಪ್ರತಿ ಬಟನ್‌ಗೆ ಸುತ್ತಲೂ 6 ಪಿಕ್ಸೆಲ್ ಮಾರ್ಜಿನ್ ಕೊಟ್ಟು, ಅವನ್ನು ಹೊತ್ತ ಡಬ್ಬಿಗೆ ಮೈನಸ್ 6 ಕೊಡಿ. ಅದರ ಹೊರಗಿನ ಡಬ್ಬಿಗೆ ಕನಿಷ್ಠ 6 ಪಿಕ್ಸೆಲ್ ಪ್ಯಾಡಿಂಗ್ (ಒಳ ಅಂಚಿನ ಜಾಗ) ಇರಲಿ, ಇಲ್ಲವಾದರೆ ಪುಟ ಅಡ್ಡಡ್ಡ ಸರಿಯತೊಡಗುತ್ತದೆ.

ಪ್ರಶ್ನೆ ಕೇಳಿದವರಿಂದ
ಈಗ ಎರಡೂ ಸಾಲುಗಳು ಎಡಕ್ಕೆ ನೇರವಾಗಿ ಹೊಂದಿಕೊಂಡಿವೆ. @ಸಪೋರ್ಟ್ಸ್ ತೆಗೆದುಹಾಕಿದ್ದೇನೆ.