‘ಮರ್ಜ್’ ಅಂದರೆ ವಿಲೀನವೇ, ಕಸಿಯೇ?

ಗೆಳೆಯರಿಗೆ ನಮಸ್ಕಾರ.

ಮಡಿಕೇರಿಯಲ್ಲಿ ಕೂತು ಓಪನ್‌ಜೆಡ್‌ಎಫ್‌ಎಸ್ ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಹಲವು ಡಿಸ್ಕುಗಳನ್ನು ಒಂದು ಪೂಲ್ ಮಾಡಿ ಡೇಟಾ ಕಾಪಾಡುವ ಮುಕ್ತ ತಂತ್ರಾಂಶ ಅದು. ‘ಮರ್ಜ್’ (ಬೇರೆ ಕವಲಿನಲ್ಲಿ ಬರೆದ ಕೋಡನ್ನು ಮುಖ್ಯ ಕೋಡಿಗೆ ಸೇರಿಸುವುದು) ಅನ್ನುವ ಪದದ ಹತ್ತಿರ ಬಂದು ಒಂದು ವಾರದಿಂದ ನಿಂತಿದ್ದೇನೆ.

ಜಾಸ್ತಿ ಜನ ‘ವಿಲೀನ’ ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಬ್ಯಾಂಕು ವಿಲೀನವಾದರೆ ಹಳೆಯ ಬೋರ್ಡು ಇಳಿಯುತ್ತದೆ. ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾದಾಗ ನಮ್ಮ ಪ್ರತ್ಯೇಕ ರಾಜ್ಯ, ವಿಧಾನಸಭೆ ಎರಡೂ ಹೋದವು. ಲೀನ ಅಂದರೆ ಕರಗುವುದು ಅಲ್ವಾ? ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಮರ್ಜ್ ‘ಕಮಿಟ್’ ಆದ (ಅಂದರೆ ದಾಖಲಾದ) ಮೇಲೂ ಎರಡೂ ಕವಲುಗಳ ಚರಿತ್ರೆ ಹಾಗೇ ಉಳಿಯುತ್ತದೆ. ಹತ್ತಾರು ಕಮಿಟ್‌ಗಳನ್ನು ಅದುಮಿ ಒಂದು ಮಾಡುವ ‘ಸ್ಕ್ವಾಶ್’ಗೆ ಬೇಕಾದರೆ ವಿಲೀನ ಅನ್ನೋಣ.

‘ಸಂಗಮ’ ಚೆಂದ ಇದೆ. ಆದರೆ ಭಾಗಮಂಡಲದಲ್ಲಿ ಕನ್ನಿಕೆ ಕಾವೇರಿಗೆ ಸೇರಿದ ಮೇಲೆ ಯಾವ ನೀರು ಯಾವುದು ಅಂತ ಬೇರೆ ಮಾಡಲಾಗದು. ಕೋಡ್‌ನಲ್ಲಿ ತಪ್ಪು ಕಂಡರೆ ಸೇರಿಸಿದ್ದನ್ನು ವಾಪಸ್ ತೆಗೆಯಲು ಬರಬೇಕು.

ಹೋದ ಸಲ ಮಳೆ ಶುರುವಾದಾಗ ಸಿದ್ದಾಪುರದ ಹತ್ತಿರ ಮಾವನ ತೋಟಕ್ಕೆ ಹೋಗಿದ್ದೆ. ಹಳೆಯ ರೊಬಸ್ಟಾ ಕಾಫಿ ಗಿಡ ಕಡಿದು, ಬುಡದಲ್ಲಿ ಬಂದ ಚಿಗುರಿಗೆ ಸಿಎಕ್ಸ್‌ಆರ್ ಅನ್ನುವ ಕಾಫಿ ತಳಿಯ ಕಸಿ ಮಾಡುತ್ತಿದ್ದರು. ಚಿಗುರಿನ ತಲೆ ಕೊಯ್ದು ನಡುವೆ ಸೀಳಿದರು. ಹೊಸ ಕಡ್ಡಿಯ ತುದಿಯನ್ನು ಎರಡೂ ಕಡೆ ಓರೆಯಾಗಿ ಹೆರೆದು ಸೀಳಿಗೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿದರು.

“ಆಯ್ತಾ ಮಾವ?” ಅಂದೆ.

“ಕಟ್ಟಿದ್ದಾಯ್ತು. ಇನ್ನು ಹಿಡೀಬೇಕಲ್ಲ” ಅಂದರು.

ನನಗೆ ಬೇಕಿದ್ದದ್ದು ಈ ‘ಹಿಡಿಯುವುದು’. ಓಪನ್‌ಜೆಡ್‌ಎಫ್‌ಎಸ್‌ನ ರೈಡ್-ಜೆಡ್ ಗುಂಪಿಗೆ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಜೋಡಿಸಿದ ಡಿಸ್ಕುಗಳಿಗೆ) ಆಮೇಲೆ ಇನ್ನೊಂದು ಡಿಸ್ಕ್ ಸೇರಿಸುವ ಸೌಲಭ್ಯವನ್ನೇ ನೋಡಿ. ದೊಡ್ಡ ಬದಲಾವಣೆ. ಅದರ ಕೋಡ್ 2021ರಲ್ಲಿ ಪರಿಶೀಲನೆಗೆ ಬಂತು. ಮುಖ್ಯ ಕವಲಿಗೆ ಸೇರಿದ್ದು 2023ರ ನವೆಂಬರ್‌ನಲ್ಲಿ. 2.3 ಆವೃತ್ತಿಯಾಗಿ ಜನರಿಗೆ ಸಿಕ್ಕಿದ್ದು 2025ರ ಜನವರಿಯಲ್ಲಿ. ಕಟ್ಟಿದ್ದಕ್ಕೂ ಹಿಡಿದದ್ದಕ್ಕೂ ನಡುವೆ ಒಂದು ವರ್ಷದ ಮೇಲಾಯಿತು. ‘ವಿಲೀನವಾಯಿತು’ ಅಂದುಬಿಟ್ಟರೆ ಈ ಕಾಯುವಿಕೆ ಓದುಗರಿಗೆ ಕಾಣುವುದೇ ಇಲ್ಲ.

ಇಷ್ಟು ಕಾಯುವುದಕ್ಕೆ ಕಾರಣವೂ ಇದೆ. ಕೋಡನ್ನು ವಾಪಸ್ ತೆಗೆಯಬಹುದು, ಡಿಸ್ಕಿನ ಮೇಲೆ ಹೊಸ ರೀತಿಯಲ್ಲಿ ಬರೆದದ್ದನ್ನು ಸುಲಭಕ್ಕೆ ತೆಗೆಯಲಾಗದು. ಅದಕ್ಕೇ ಓಪನ್‌ಜೆಡ್‌ಎಫ್‌ಎಸ್‌ನಲ್ಲಿ ಇಂಥ ಪ್ರತಿ ಹೊಸ ಸೌಲಭ್ಯಕ್ಕೂ ಮೂರು ಸ್ಥಿತಿ: ಡಿಸೇಬಲ್ಡ್, ಎನೇಬಲ್ಡ್, ಆಕ್ಟಿವ್. ಎನೇಬಲ್ಡ್ ಅಂದರೆ ಬಳಸಲು ಅನುಮತಿ ಇದೆ, ಇನ್ನೂ ಬಳಸಿಲ್ಲ. ಈ ಡಿಸ್ಕ್ ಸೇರಿಸುವ ಸೌಲಭ್ಯ ಒಮ್ಮೆ ಆಕ್ಟಿವ್ ಆದರೆ ಮತ್ತೆ ಹಿಂದಕ್ಕೆ ಹೋಗುವುದಿಲ್ಲ. ಅದನ್ನು ಅರಿಯದ ಹಳೆಯ ಆವೃತ್ತಿಯಲ್ಲಿ ಆ ಪೂಲ್ ತೆರೆಯುವುದೂ ಇಲ್ಲ. ನಮ್ಮ ಮೊಬೈಲ್‌ಗಳ ಕನ್ನಡದಲ್ಲಿ ಎನೇಬಲ್‌ಗೂ ‘ಸಕ್ರಿಯಗೊಳಿಸಿ’ ಅಂತಲೇ ಇರುತ್ತದೆ. ಇಲ್ಲಿ ಹಾಗೆ ಬರೆದರೆ ಯಾರದ್ದೋ ಡೇಟಾಕ್ಕೆ ಕುತ್ತು. ‘ಮುಚ್ಚಿದೆ, ತೆರೆದಿದೆ, ಬಳಕೆಗೆ ಬಂದಿದೆ’ ಅಂತ ಸದ್ಯಕ್ಕೆ ಬರೆದಿದ್ದೇನೆ.

ಮರ್ಜ್‌ಗೆ ‘ಕಸಿ’ ಅಂದೇಬಿಡೋಣ ಅಂದರೆ, ಗಿಟ್‌ನಲ್ಲಿ ‘ಗ್ರಾಫ್ಟ್’ (ಅಂದರೆ ಕಸಿ) ಅಂತಲೇ ಬೇರೊಂದು ಇದೆ. ಹಾಗಾಗಿ ಮರ್ಜ್‌ಗೆ ‘ಕೂಡಿಸು’, ಅದು ನಿಲ್ಲುವುದಕ್ಕೆ ‘ಹಿಡಿಯಿತು’ ಅನ್ನುವ ಕಡೆ ನನ್ನ ಒಲವು. ತೋಟದ ಕೆಲಸ ಗೊತ್ತಿರುವವರು ಹೇಳಿ: ನಿಮ್ಮ ಕಡೆಯೂ ಕಸಿ ‘ಹಿಡಿಯಿತು’ ಅಂತಲೇ ಅನ್ನುತ್ತೀರಾ? ಹಿಡಿಯದೆ ಹೋದದ್ದಕ್ಕೆ ಏನಂತೀರಿ?